ಬೆಂಗಳೂರಿಗೆ ಹೋಗೋದು ಸಲೀಸು, ಭಾನುವಾರ ವಾಪಸ್ ಬರೋದೇ ಪ್ರಯಾಸ

ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ಇಷ್ಟು ಹತ್ತಿರದಲ್ಲಿದ್ದೂ ಬೆಂಗಳೂರು ನೋಡದವರು ಇನ್ನೂ ಇದ್ದಾರೆಯೇ? ಇದ್ದಾರೆ ಸ್ವಾಮಿ, ಬೇಕಾದಷ್ಟು ಜನ ಇದ್ದಾರೆ. ಗಂಡಸರು ಕೋರ್ಟಿಗೆ, ಅಂಗಡಿ ಸಾಮಾನಿಗೆ, ಯಾವುದೋ ಕಚೇರಿಯ ಫೈಲಿನ ಬೆನ್ನಿಗೆ ಅಂತ ನೂರು ಸಲ ಹೋಗಿ ಬಂದಿರುತ್ತಾರೆ. ಹೆಂಗಸರು ಹೋಗಿದ್ದರೆ ಒಂದು ಮದುವೆಗೆ, ಇಲ್ಲವೇ ಯಾರಿಗೋ ಹುಷಾರಿಲ್ಲದೆ ಒಂದು ಆಸ್ಪತ್ರೆಗೆ. ಛತ್ರದ ಊಟದ ಹಾಲು, ವಾರ್ಡಿನ ಕಿಟಕಿ, ಇಷ್ಟೇ ಅವರ ಬೆಂಗಳೂರು. ಕೆಲಸವಿಲ್ಲದೆ, ಸುಮ್ಮನೆ ನೋಡುವುದಕ್ಕೆಂದೇ, ಮಕ್ಕಳನ್ನು ಕಟ್ಟಿಕೊಂಡು ಹೋಗುವುದು ಅಂದರೆ ‘ದುಡ್ಡು ಹೆಚ್ಚಾಯ್ತಾ ನಿಂಗೆ?’ ಅನ್ನುವ ಕಾಲ ಮೊನ್ನೆ ಮೊನ್ನೆಯವರೆಗೂ ಇತ್ತು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಈ ಲೆಕ್ಕ ತಿರುಗಿತು. ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಶೂನ್ಯ ಟಿಕೆಟ್. ಮೊದಲು ಧರ್ಮಸ್ಥಳ ಆಯಿತು, ಚಾಮುಂಡಿ ಬೆಟ್ಟ ಆಯಿತು, ಶೃಂಗೇರಿ ಆಯಿತು. ದೇವರುಗಳ ಸರದಿ ಮುಗಿದ ಮೇಲೆ ಈಗ ರಾಜಧಾನಿಯ ಸರದಿ. ಒಂದೇ ಸಂಸಾರ ಹೊರಡುವುದಕ್ಕೆ ಧೈರ್ಯ ಸಾಲದು. ಆದ್ದರಿಂದ ಮಕ್ಕಳು ಒಂದೇ ಶಾಲೆಗೆ ಹೋಗುವ ಎರಡು ಮನೆಯವರು, ಒಂದೇ ಬೀದಿಯ ಗೆಳತಿಯರು ಮಾತಾಡಿಕೊಂಡು, ಶನಿವಾರ ಕೋಳಿ ಕೂಗುವ ಹೊತ್ತಿಗೆ ಪುಳಿಯೋಗರೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬರುತ್ತಾರೆ.

ಇವರನ್ನು ಕಂಡು ಮೂಗು ಮುರಿಯುವವರೂ ಅಲ್ಲೇ ಇರುತ್ತಾರೆ. ‘ಪುಕ್ಸಟ್ಟೆ ಬಸ್ಸು ಅಂತ ತಿರುಗೋಕ್ ಹೊಂಟ್ರು!’ ದಿನಾ ಪಾಸು ತೋರಿಸಿ ಹೋಗುವ ನೌಕರರಿಗೆ ಸೀಟು ಸಿಗದ ಸಂಕಟ ಇರುವುದು ನಿಜ, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಪುಕ್ಸಟ್ಟೆ ಅನ್ನುವವರು ಒಂದು ಸಲ ಕೂಡಿ ಕಳೆದು ನೋಡಲಿ. ಎರಡು ಸಂಸಾರ, ಎಂಟು ಜನ. ಇಬ್ಬರು ಹೆಂಗಸರು, ಇಬ್ಬರು ಹೆಣ್ಣುಮಕ್ಕಳಿಗೆ ಶೂನ್ಯ. ಇಬ್ಬರು ಗಂಡಸರಿಗೆ ಪೂರ್ತಿ, ಹನ್ನೆರಡು ದಾಟಿದ ಒಬ್ಬ ಹುಡುಗನಿಗೂ ಪೂರ್ತಿ, ಎಂಟು ವರ್ಷದವನಿಗೆ ಅರ್ಧ. ಅಲ್ಲಿಗೆ ಮೂರೂವರೆ ಟಿಕೆಟ್ ಆಯಿತಲ್ಲ? 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಆ ಗಂಡಸರಲ್ಲಿ ಒಬ್ಬ ಟೈಲರ್ ಆಗಿದ್ದರೆ ಶನಿವಾರದ ದುಡಿಮೆಯೂ ಹೋಯಿತು. ಟೈಲರ್‌ಗೆ ಶನಿವಾರ ಅಂದರೆ ಏನು ಅಂತ ಅವನನ್ನೇ ಕೇಳಬೇಕು.

ಇನ್ನೊಂದು ದೂರು ಅಂಗಡಿ ಸಾಲಿನದು. ‘ಬಟ್ಟೆ ವ್ಯಾಪಾರ ಎಲ್ಲಾ ಚಿಕ್ಕಪೇಟೆಗೆ ಹೊಂಟೋಯ್ತು ಕಣ್ರೀ, ಇನ್ನು ನಾವ್ ಬಾಗಿಲು ಹಾಕ್ಕೊಂಡು ಕೂರೋದೇ.’ ಅಂಗಡಿಯವರ ಕಷ್ಟ ಸುಳ್ಳಲ್ಲ, ಆದರೆ ಬೈಯುವ ವಿಳಾಸ ತಪ್ಪಿದೆ. ಮೊದಲ ಸಲ ಬೆಂಗಳೂರಿಗೆ ಹೋದ ಹೆಂಗಸು ತರುವುದೇನು? ಎರಡು ನೈಟಿ, ಮಕ್ಕಳಿಗೊಂದು ಆಟದ ಸಾಮಾನು, ಗೆಳತಿ ತಗೊಂಡಳು ಅಂತ ಒಂದು ಸೀರೆ. ಅದೂ ಶನಿವಾರ ಹೋದರೆ. ಚಿಕ್ಕಪೇಟೆಯಲ್ಲಿ ಭಾನುವಾರ ಬಹುಪಾಲು ಅಂಗಡಿಗಳು ಬಾಗಿಲು. ಸಾಲ ಕೊಡುವುದು, ಬ್ಲೌಸ್ ಪೀಸು ಹೊಂದಿಸಿ ಕೊಡುವುದು, ಹಬ್ಬ ಆದಮೇಲೆ ಕೊಡಿ ಅನ್ನುವುದು, ಇದೆಲ್ಲ ಚಿಕ್ಕಪೇಟೆಯಲ್ಲಿ ನಡೆಯುವುದಿಲ್ಲ. ಊರಿನ ವ್ಯಾಪಾರ ಕದಿಯುತ್ತಿರುವುದು ಅಂಗೈಯಲ್ಲಿರುವ ಫೋನು. ಅದಕ್ಕೆ ಬಸ್ಸೂ ಬೇಡ, ಭಾನುವಾರವೂ ಬೇಡ. ಅಂಗಡಿಯವರ ಮನೆಯ ಮಕ್ಕಳ ಕೈಯಲ್ಲೂ ಅದೇ ಇದೆ.

ಹೋದವರು ಇಳಿದುಕೊಳ್ಳುವುದು ಎಲ್ಲಿ? ಲಾಡ್ಜಿಗೆ ಎರಡು ರೂಮು ಹಿಡಿಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹಾಸನ ಜಿಲ್ಲೆಯವರಿಗೆ ಬೆಂಗಳೂರಿನಲ್ಲಿ ನೆಂಟರಿಗೇನೂ ಬರವಿಲ್ಲ. ಅಲ್ಲಿನ ಅಯ್ಯಂಗಾರ್ ಬೇಕರಿಗಳಲ್ಲಿ ವಿಚಾರಿಸಿದರೆ ಎಷ್ಟೋ ಕಡೆ ನಮ್ಮ ಜಿಲ್ಲೆಯವರೇ ಸಿಗುತ್ತಾರೆ. ಪೀಣ್ಯ, ಲಗ್ಗೆರೆ, ಸುಂಕದಕಟ್ಟೆ ಕಡೆ ಕಾರ್ಖಾನೆ, ಗಾರ್ಮೆಂಟ್ಸ್ ಕೆಲಸದ ಸಂಸಾರಗಳೂ ಇವೆ. ಅವರದು ಒಂದು ರೂಮು, ಒಂದು ಹಾಲು, ಅಡಿಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ. ಅಲ್ಲಿಗೆ ಎಂಟು ಜನ! ‘ಬನ್ನಿ ಅಕ್ಕ, ಎಲ್ಲಾರೂ ಬನ್ನಿ’ ಅಂತ ಫೋನಿನಲ್ಲಿ ಕರೆದವಳು ಬಾಯಿಮಾತಿಗೆ ಕರೆದಳೋ ಮನಸಾರೆ ಕರೆದಳೋ ತಿಳಿಯುವುದು ಬೆಳಿಗ್ಗೆ ನೀರಿನ ಹೊತ್ತಿಗೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಟ್ಯಾಂಕರ್ ಹಿಂದೆ ಬಿಂದಿಗೆ ಹಿಡಿದು ನಿಂತದ್ದನ್ನು ಎಲ್ಲರೂ ನೋಡಿದ್ದಾರೆ. ಹಳ್ಳಿ ತೋಟದ ಮನೆಯಲ್ಲಿ ಹಂಡೆಗಟ್ಟಲೆ ಮಿಂದ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಹೋಗುವವರು ಒಂದು ಚೀಲ ಆಲೂಗಡ್ಡೆ, ನಾಲ್ಕು ತೆಂಗಿನಕಾಯಿ ಹೊತ್ತುಕೊಂಡು ಹೋದರೆ ಕರೆದವಳ ಮುಖ ಅರಳುತ್ತದೆ. ಗೆಳೆಯರ ಸಂಸಾರವನ್ನೂ ಜೊತೆಗೆ ಕರೆದುಕೊಂಡು ಹೋಗುವವರಂತೂ ಒಂದು ರಾತ್ರಿಗೆ ಮೇಲೆ ಅಲ್ಲಿ ಉಳಿಯುವ ಯೋಚನೆಯನ್ನೇ ಮಾಡಬಾರದು. ಅಲ್ಲಿನ ಗಂಡಸು ಭಾನುವಾರವೂ ಶಿಫ್ಟಿಗೆ ಹೋಗುವವನಾಗಿರಬಹುದು.

ಊರು ನೋಡುವುದರಲ್ಲಿ ಅರ್ಧ ದಿನ ಹಾಳಾಗುವುದು ಮೆಜೆಸ್ಟಿಕ್‌ನಲ್ಲಿ. ಇಳಿದದ್ದು ಎಲ್ಲಿ, ಮುಂದಿನ ಬಸ್ಸು ಯಾವುದು, ಹುಡುಗ ಎಲ್ಲಿ ಹೋದ ಅನ್ನುವುದರಲ್ಲೇ ಸೂರ್ಯ ನೆತ್ತಿಗೆ ಬರುತ್ತಾನೆ. ಆಟೋದವರು ಎಂಟು ಜನಕ್ಕೆ ಮೂರು ಆಟೋ ಅನ್ನುತ್ತಾರೆ. ಆದರೆ ನಮ್ಮ ಕಡೆಯ ಬಸ್ಸು ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಬರುವಾಗ ಪಕ್ಕದಲ್ಲೇ ಮೆಟ್ರೋದ ಹಸಿರು ಮಾರ್ಗ ಓಡುತ್ತಿರುತ್ತದೆ. ಅದು 2024ರ ನವೆಂಬರ್‌ನಿಂದ ಮಾದಾವರದವರೆಗೂ ಬಂದಿದೆ. ಗೊರಗುಂಟೆಪಾಳ್ಯದಲ್ಲಿ ಇಳಿದು ಅಲ್ಲೇ ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜ ಮಾರುಕಟ್ಟೆ, ಲಾಲ್‌ಬಾಗ್, ಬನಶಂಕರಿ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತವೆ. ವಿಧಾನಸೌಧಕ್ಕೆ ಮಾತ್ರ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಇಷ್ಟನ್ನು ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೋರ್ಡು ಬರೆಸಿ ಹಾಕಿದ್ದರೆ ಎಷ್ಟು ಸಂಸಾರಗಳ ಅರ್ಧ ದಿನ ಉಳಿಯುತ್ತಿತ್ತು!

ಮೆಟ್ರೋದಲ್ಲಿ ಇನ್ನೊಂದು ಪೇಚು ಇದೆ. ಅದಕ್ಕೆ ಶಕ್ತಿ ಯೋಜನೆ ಇಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿಸಿ, 60 ರೂಪಾಯಿ ಇದ್ದ ಗರಿಷ್ಠ ಟಿಕೆಟನ್ನು 90 ರೂಪಾಯಿ ಮಾಡಿದರು. ಸಿಟಿ ಬಸ್ಸಿನಲ್ಲಾದರೆ ಹೆಂಗಸರಿಗೆ ದುಡ್ಡಿಲ್ಲ. ಹೀಗಾಗಿ ಗಂಡಸರು ಮೆಟ್ರೋ ಅನ್ನುತ್ತಾರೆ, ಹೆಂಗಸರು ಬಸ್ಸು ಅನ್ನುತ್ತಾರೆ, ಮಕ್ಕಳು ರೈಲು ರೈಲು ಅಂತ ಕುಣಿಯುತ್ತಾರೆ. ಗೆದ್ದವರು ಯಾರು ಅಂತ ಹೇಳಬೇಕಾಗಿಲ್ಲ. ಆಮೇಲೆ ಎದುರಾಗುವುದು ಚಲಿಸುವ ಮೆಟ್ಟಿಲು. ಸೀರೆ ನೆರಿಗೆ ಎತ್ತಿ ಹಿಡಿದು, ಒಂದು ಕಾಲು ಮುಂದೆ ಇಟ್ಟು, ಮತ್ತೆ ಹಿಂದಕ್ಕೆ ತೆಗೆದು ನಿಂತವರನ್ನು ಹಿಂದಿನಿಂದ ನೂಕುವ ನಗರವಾಸಿಗಳಿಗೆ ತಮ್ಮ ತಾಯಿಯೂ ಒಂದು ದಿನ ಹೀಗೇ ನಿಂತಿದ್ದಳು ಅನ್ನುವುದು ಮರೆತುಹೋಗಿರುತ್ತದೆ. ಗೆಳತಿ ಕೈ ಹಿಡಿದು ‘ಬಾ ಕಣಕ್ಕ, ಏನೂ ಆಗಲ್ಲ’ ಅಂದಾಗ ಹೆಜ್ಜೆ ಇಡುತ್ತಾರಲ್ಲ, ಜೊತೆಯವರು ಬೇಕಾಗುವುದು ಇಂಥ ಕಡೆ.

ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಯಾರೂ ಬರುವುದಿಲ್ಲ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ, 1956ರಲ್ಲಿ ಮುಗಿದ ಈ ಕಟ್ಟಡವನ್ನು ಜನ ಗೇಟಿನ ಹೊರಗಿನಿಂದಲೇ ನೋಡಿ ಬರುತ್ತಿದ್ದರು. ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಮೇಲೆ ಬರೆದಿದೆ. ದೇವಸ್ಥಾನದೊಳಕ್ಕಾದರೂ ಬಿಡುತ್ತಾರೆ, ಇದರೊಳಕ್ಕೆ ಬಿಡುತ್ತಿರಲಿಲ್ಲ. 2025ರ ಜೂನ್‌ನಲ್ಲಿ ರಜಾ ದಿನಗಳಲ್ಲಿ ಮಾರ್ಗದರ್ಶಕರ ಜೊತೆ ಒಳಗೆ ನೋಡುವ ವ್ಯವಸ್ಥೆ ಶುರುವಾಯಿತು. ಒಳ್ಳೆಯ ಕೆಲಸವೇ. ಆದರೆ ಮುಂಗಡವಾಗಿ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದುಕೊಂಡು ಬರಬೇಕು ಅಂದರೆ, ಇಲ್ಲಿಂದ ಪುಳಿಯೋಗರೆ ಕಟ್ಟಿಕೊಂಡು ಹೋದವರಿಗೆ ಅದು ಗೇಟಿನ ಹತ್ತಿರ ನಿಂತಾಗಲೇ ಗೊತ್ತಾಗುವುದು.

ಇಷ್ಟೆಲ್ಲ ಆದರೂ ಹೋದವರಿಗೆ ಬೇಜಾರಿಲ್ಲ. ಲಾಲ್‌ಬಾಗಿನ ಬಂಡೆ ಹತ್ತಿ ಗಾಳಿ ಕುಡಿದಿರುತ್ತಾರೆ, ಗಾಜಿನ ಮನೆ ನೋಡಿರುತ್ತಾರೆ, ಹೈದರಾಲಿ ಕಾಲದ ತೋಟ ಅಂತ ಮಕ್ಕಳಿಗೆ ಪಾಠದಲ್ಲಿ ಬಂದದ್ದು ಕಣ್ಣಿಗೆ ಕಂಡಿರುತ್ತದೆ. ಕರುಳು ಕಿತ್ತು ಬರುವುದು ಭಾನುವಾರ ಸಂಜೆ, ವಾಪಸ್ ಹೊರಡುವಾಗ.

ಅದರ ಕಾರಣ ಯೋಚಿಸಿದವರು ಕಡಿಮೆ. ಶನಿವಾರ ಭಾನುವಾರ ನಮ್ಮವರು ಬೆಂಗಳೂರಿಗೆ ಹೋದರೆ, ಬೆಂಗಳೂರಿನವರು ನಮ್ಮ ಕಡೆಗೆ ಬರುತ್ತಾರೆ. ಸಕಲೇಶಪುರಕ್ಕೆ, ಚಿಕ್ಕಮಗಳೂರಿಗೆ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಬೇಲೂರು-ಹಳೇಬೀಡಿಗೆ. ಅವರದು ಕಾರು. ಭಾನುವಾರ ಮಧ್ಯಾಹ್ನದ ಮೇಲೆ ಆ ಕಾರುಗಳೆಲ್ಲ ಒಟ್ಟಿಗೆ ಊರಿಗೆ ತಿರುಗುತ್ತವೆ. ಮಂಗಳೂರು ರಸ್ತೆಯದೂ ತುಮಕೂರು ರಸ್ತೆಯದೂ ನೆಲಮಂಗಲದಲ್ಲಿ ಕೂಡಿ ಒಂದೇ ಕೊಳವೆಗೆ ನುಗ್ಗುತ್ತವೆ. ಆ ಸಾಲಿನಲ್ಲಿ ಸಿಕ್ಕಿಕೊಂಡ ನಮ್ಮ ಬಸ್ಸು ಮೆಜೆಸ್ಟಿಕ್ ಮುಟ್ಟಿದರೆ ತಾನೇ ಅಲ್ಲಿಂದ ಹಾಸನಕ್ಕೆ ತಿರುಗುವುದು? ಹಾಸನದ ಕಡೆಗೆ ರಸ್ತೆ ಖಾಲಿ, ಹೋಗಬೇಕಾದ ಬಸ್ಸು ಮಾತ್ರ ಇನ್ನೂ ದಾಸರಹಳ್ಳಿಯಲ್ಲಿ! ಇತ್ತ ಪ್ಲಾಟ್‌ಫಾರಂನಲ್ಲಿ ಮಕ್ಕಳು ಚೀಲದ ಮೇಲೆ ತೂಕಡಿಸುತ್ತಿರುತ್ತವೆ. ಬಸ್ಸು ಬಂದಾಗ ಕಿಟಕಿಯಿಂದ ಟವೆಲ್ ಎಸೆಯುವವರದ್ದೇ ಸೀಟು. ಎರಡು ಸಂಸಾರ ಎರಡು ಬಸ್ಸಿಗೆ ಹಂಚಿಹೋಗುತ್ತವೆ. ನಿಂತುಕೊಂಡು ಕುಣಿಗಲ್, ನಿಂತುಕೊಂಡು ಚನ್ನರಾಯಪಟ್ಟಣ.

ಗೊರಗುಂಟೆಪಾಳ್ಯಕ್ಕೆ ಬಂದು ಹತ್ತೋಣ ಅಂದರೆ, ಮೆಜೆಸ್ಟಿಕ್‌ನಲ್ಲೇ ತುಂಬಿದ ಬಸ್ಸು ಅಲ್ಲಿ ನಿಲ್ಲಿಸುವ ಗೋಜಿಗೇ ಹೋಗುವುದಿಲ್ಲ. 2017ರಿಂದ ಕುಣಿಗಲ್ ಮೇಲಿನ ರೈಲು ಇದೆ, ಸರಿ. ಆದರೆ ರೈಲಿನಲ್ಲಿ ಶೂನ್ಯ ಟಿಕೆಟ್ ಇಲ್ಲ, ಹೊರಡುವ ಹೊತ್ತೂ ಇವರ ಕೈಯಲ್ಲಿಲ್ಲ.

ಪರಿಹಾರ ಕೈಗೆಟುಕದ್ದೇನೂ ಅಲ್ಲ. ತುಮಕೂರು ರಸ್ತೆಯ ಜಿಲ್ಲೆಗಳಿಗೆಂದು ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ಕಟ್ಟಿ 2014ರಲ್ಲಿ ಶುರು ಮಾಡಿದ್ದರು. ಜನ ಒಪ್ಪಲಿಲ್ಲ, ಬಸ್ಸುಗಳು ಮತ್ತೆ ಮೆಜೆಸ್ಟಿಕ್ ಸೇರಿದವು. ಒಪ್ಪದಿರುವುದಕ್ಕೆ ಕಾರಣ ಇತ್ತು. ಆಗ ಪೀಣ್ಯದ ಮೆಟ್ರೋ ಸಂಪಿಗೆ ರಸ್ತೆಗೆ ಬಂದು ನಿಂತುಬಿಡುತ್ತಿತ್ತು, ಮೆಜೆಸ್ಟಿಕ್ ಕೂಡಿದ್ದು 2017ರ ಜೂನ್‌ನಲ್ಲಿ. ಅಂದು ಕೂಡದ ಲೆಕ್ಕ ಇಂದು ಕೂಡುತ್ತದೆ. ಎಲ್ಲಾ ಬಸ್ಸನ್ನೂ ಅಲ್ಲಿಗೆ ಓಡಿಸಿ ಅಂತ ಯಾರೂ ಕೇಳುತ್ತಿಲ್ಲ. ಭಾನುವಾರ ಸಂಜೆ ನಾಲ್ಕರಿಂದ ಎಂಟರವರೆಗೆ, ಪೀಣ್ಯ ಅಥವಾ ಮಾದಾವರದ ಮೆಟ್ರೋ ಪಕ್ಕದಿಂದಲೇ ಖಾಲಿಯಾಗಿ ಹೊರಡುವ ಹಾಸನದ ನಾಲ್ಕು ಬಸ್ಸು. ಅವು ಒಳಗೆ ಬಂದು ಸಿಕ್ಕಿಕೊಳ್ಳುವುದೂ ಬೇಡ, ಮಕ್ಕಳು ಮೆಜೆಸ್ಟಿಕ್‌ನಲ್ಲಿ ಮಲಗುವುದೂ ಬೇಡ. ಬಸ್ಸು ಮಧ್ಯಾಹ್ನವೇ ಅಲ್ಲಿಗೆ ಬಂದು ನಿಲ್ಲಬೇಕು ಅಷ್ಟೆ.

ಗೌರಿ ಹಬ್ಬ, ದಸರಾ, ದೀಪಾವಳಿಗೆ ಹೆಚ್ಚುವರಿ ಬಸ್ಸು ಬಿಡುವ ಅಭ್ಯಾಸ ಸಾರಿಗೆಯವರಿಗೆ ಇದ್ದೇ ಇದೆ. ಸಾಲು ರಜೆ ಯಾವ ವಾರ ಬರುತ್ತದೆ ಅನ್ನುವುದು ಡಿಸೆಂಬರ್‌ನಲ್ಲೇ ಅಂಗಡಿ ಅಂಗಡಿಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರ್ ನೋಡಿದರೆ ತಿಳಿಯುತ್ತದೆ. ಡಿಪೋದ ಗೋಡೆಯಲ್ಲೂ ಒಂದು ಕ್ಯಾಲೆಂಡರ್ ಇರಲೇಬೇಕಲ್ಲ? ಸೋಮವಾರ ಎಂಟು ಗಂಟೆಗೆ ಟೈಲರ್ ಅಂಗಡಿ ಬಾಗಿಲು ತೆಗೆಯಬೇಕು, ಮಕ್ಕಳು ಶಾಲೆಗೆ ಹೊರಡಬೇಕು. ಅವರು ಮನೆ ಸೇರಿದ್ದು ಬೆಳಗಿನ ಜಾವ ಎರಡಕ್ಕೆ.