ಗೋಡೆ ಮಾಲಕರದ್ದು, ಫ್ರಿಜ್ ಯಾರದ್ದು?

“ಮನೆಯೇ ನಮ್ಮದಲ್ಲ, ವಿಮೆ ಯಾಕೆ?” ಕಾರವಾರ, ಅಂಕೋಲೆಯಲ್ಲಿ ಬಾಡಿಗೆಗೆ ಇರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ. ಮನೆ ನಿಮ್ಮದಲ್ಲ, ಸರಿ. ಒಳಗಿನ ಫ್ರಿಜ್, ಹೊಲಿಗೆ ಯಂತ್ರ, ಮಂಚ, ಮಕ್ಕಳ ಪುಸ್ತಕ ಯಾರದ್ದು?

2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿತು. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕಾಳಿ ದಂಡೆಯ ಊರುಗಳೂ ಮುಳುಗಿದವು. ಆಗ ಸರಕಾರ ಪೂರ್ತಿ ಬಿದ್ದ ಮನೆಗೆ ಘೋಷಿಸಿದ್ದು 5 ಲಕ್ಷ. ನೀರು ಹೊಕ್ಕ ಮನೆಯ ಕುಟುಂಬಕ್ಕೆ 10 ಸಾವಿರ. ಲಕ್ಷದ ಲೆಕ್ಕವೆಲ್ಲ ಗೋಡೆಗೆ, ಗೋಡೆ ಮಾಲಕರದ್ದು. ನಾವು ವರದಿಗಾರರೂ ಅಷ್ಟೇ. ಬಿದ್ದ ಗೋಡೆಯ ಫೋಟೊ ಕಳಿಸಿದೆವು, ಅಂಗಳದಲ್ಲಿ ಒಣಗಲು ಹಾಕಿದ ಹಾಸಿಗೆಯದ್ದು ಕಳಿಸಲಿಲ್ಲ.

ಮಾಲಕರು ವಿಮೆ ಮಾಡಿಸಿದ್ದರೂ ಅದು ಅವರ ಕಟ್ಟಡಕ್ಕೆ. ನಿಮ್ಮ ಸಾಮಾನಿಗೆ ನೀವೇ ಮಾಡಿಸಬೇಕು. 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ ಇದೆ. ಕಟ್ಟಡ ಬಿಟ್ಟು ಬರೀ ಮನೆ ಸಾಮಾನಿಗೂ ಅದನ್ನು ಮಾಡಿಸಬಹುದು. ಬೆಂಕಿ, ನೆರೆ, ಬಿರುಗಾಳಿ, ಗುಡ್ಡಕುಸಿತ ಎಲ್ಲ ಅದರಲ್ಲಿದೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಜಾರಿದ್ದು ಮರೆತಿಲ್ಲವಷ್ಟೇ? ಬಂಗಾರಕ್ಕೆ ಬೇಕಿದ್ದರೆ ಬೇರೆಯಾಗಿ ಹೇಳಿ ಸೇರಿಸಬೇಕು. ಕಳ್ಳತನಕ್ಕೆ ಮಾತ್ರ ಇದನ್ನು ನಂಬಬೇಡಿ: ಇಂಥ ಅನಾಹುತ ಆದ 7 ದಿನದೊಳಗೆ ಕದ್ದರಷ್ಟೇ ಪರಿಹಾರ.

ಜೀವವಿಮೆಗೆ ಮನೆ ಬಾಗಿಲಿಗೆ ಬರುವ ಏಜೆಂಟರು ಇದರ ಸುದ್ದಿ ಎತ್ತುವುದಿಲ್ಲ. ಕಂತು ಸಣ್ಣದು, ಕಮಿಷನ್ನೂ ಸಣ್ಣದು. ನೀವೇ ಹೋಗಿ ಕೇಳಿ. ಸಾಮಾನಿನ ಬಿಲ್ಲು ಹುಡುಕಿಡಿ. ಇಲ್ಲವಾದರೆ ಇವತ್ತೇ ಕೋಣೆ ಕೋಣೆಯ ಫೋಟೊ ತೆಗೆದು ಬೇರೆ ಊರಲ್ಲಿರುವ ತಂಗಿಗೆ ವಾಟ್ಸಾಪ್ ಮಾಡಿಡಿ; ನಿಮ್ಮ ಫೋನೂ ನೀರಿಗೆ ಬೀಳಬಹುದು.