ಬಿಚ್ಚಬಾರದಾಗಿದ್ದರೆ ಸ್ಕ್ರೂ ಯಾಕೆ ಹಾಕಿದರು?

ಕಳೆದ ವರ್ಷ ಗಣಪತಿ ಹಬ್ಬದ ಸೀಸನ್ ಜೋರಾಗಿದ್ದಾಗಲೇ ನಮ್ಮ ಗೆಳೆಯನೊಬ್ಬನ ಗಿಟಾರ್ ಪೆಡಲ್ ಕೆಟ್ಟು ಕೂತಿತು. ಅವನು ಹಾವೇರಿ ಜಿಲ್ಲೆಯವನು, ನಮ್ಮ ಜೊತೆಗೇ ಪತ್ರಿಕೋದ್ಯಮ ಓದಿದವನು. ಈಗ ಒಂದು ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುತ್ತಾನೆ. ಪೆಡಲ್ ಕೊಂಡದ್ದು ಕಂತಿನ ಮೇಲೆ, ಇನ್ನೂ ನಾಲ್ಕು ಕಂತು ಬಾಕಿ ಇದ್ದವು. ಸರ್ವಿಸ್ ಸೆಂಟರ್‌ಗೆ ಕೊರಿಯರ್ ಮಾಡಿದ. ಹತ್ತು ದಿನ ಬಿಟ್ಟು ಉತ್ತರ ಬಂತು: ಬೋರ್ಡ್ ಹೋಗಿದೆ, ರಿಪೇರಿ ಆಗುವುದಿಲ್ಲ, ಹೊಸ ಬೋರ್ಡ್ ಹಾಕಬೇಕು, 3,800 ರೂಪಾಯಿ. ಬೇಡ ಅಂತ ವಾಪಸ್ ತರಿಸಿಕೊಂಡ.

ಅವನ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ. ಈಗ ರೇಡಿಯೋ ಯಾರೂ ತರುವುದಿಲ್ಲ, ಮಿಕ್ಸರ್, ಟಾರ್ಚು, ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಬರುತ್ತವೆ. ಗೆಳೆಯ ಪೆಡಲ್ ತೆಗೆದುಕೊಂಡು ಹೋಗಿ, "ಕಾಕಾ, ಇದನ್ನ ಬಿಚ್ಚಬಾರದಂತ, ಕಂಪನ್ಯಾವ್ರು ಹೇಳ್ಯಾರ" ಅಂದ. ಕಾಕಾ ಪೆಟ್ಟಿಗೆ ತಿರುವಿ ನೋಡಿ, "ಬಿಚ್ಚಬಾರದಾಗಿದ್ರ ಸ್ಕ್ರೂ ಯಾಕ್ ಹಾಕ್ಯಾರಪಾ?" ಅಂದರು.

ನಾಲ್ಕು ಸ್ಕ್ರೂ. ಒಳಗೆ ಅಂಗೈಗಿಂತ ಸಣ್ಣ ಬೋರ್ಡು. ಕರೆಂಟ್ ಒಳಬರುವ ಜಾಗದಲ್ಲಿ ಒಂದು ಡಯೋಡ್ ಸುಟ್ಟು ಕಪ್ಪಾಗಿತ್ತು. 1ಎನ್ 4001, ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಒಂದೆರಡು ರೂಪಾಯಿಗೆ ಸಿಗುವಂಥದ್ದು. ಗಿಟಾರ್ ಪೆಡಲ್‌ಗಳ ಅಡಾಪ್ಟರ್ ಪಿನ್ನಿನಲ್ಲಿ ಸಾಮಾನ್ಯವಾಗಿ ನಡುವೆ ಮೈನಸ್, ಹೊರಗೆ ಪ್ಲಸ್ ಇರುತ್ತದೆ. ಮನೆಯ ವೈಫೈ ರೂಟರ್‌ನ ಅಡಾಪ್ಟರ್‌ನಲ್ಲಿ ಇದು ಉಲ್ಟಾ. ಎರಡೂ 9 ವೋಲ್ಟ್ ಇರಬಹುದು, ಪಿನ್ನೂ ಕೂರುತ್ತದೆ. ಗೆಳೆಯ ಒಂದು ರಾತ್ರಿ ಅವಸರದಲ್ಲಿ ರೂಟರ್‌ನ ಅಡಾಪ್ಟರ್ ಚುಚ್ಚಿದ್ದ. ಉಲ್ಟಾ ಕರೆಂಟ್ ಬಂದರೆ ಮಿಕ್ಕ ಭಾಗಗಳು ಉಳಿಯಲಿ, ತಾನು ಸಾಯುತ್ತೇನೆ ಅಂತಲೇ ಆ ಡಯೋಡನ್ನು ಅಲ್ಲಿ ಕೂರಿಸಿರುತ್ತಾರೆ. ಅದು ತನ್ನ ಕೆಲಸ ಮಾಡಿತ್ತು. ಕಾಕಾ ಹಳೆಯದನ್ನು ಕಿತ್ತು ಹೊಸದನ್ನು ಬೆಸೆದರು. ಪೆಡಲ್ ಎದ್ದು ಕೂತಿತು. ತೆಗೆದುಕೊಂಡದ್ದು 50 ರೂಪಾಯಿ ಮತ್ತು ಒಂದು ಚಹಾ.

ಸರ್ವಿಸ್ ಸೆಂಟರ್ ಮೇಲೆ ನಮಗೆ ಸಿಟ್ಟಿದೆ. ಅದಕ್ಕಿಂತ ಹೆಚ್ಚಿನ ಸಿಟ್ಟಿರುವುದು ಸುದ್ದಿ ಬರೆಯುವವರ ಮೇಲೆ. ಆ ಗೆಳೆಯ ಐದು ವರ್ಷದಿಂದ ದಿನವೂ ಗಿಟಾರ್ ಸಾಮಾನಿನ ಸುದ್ದಿ ಓದುತ್ತಾನೆ, ವಿಡಿಯೋ ನೋಡುತ್ತಾನೆ. ಯಾವ ಕಂಪನಿಯ ಯಾವ ಬಣ್ಣದ ಪೆಡಲ್ ಯಾವ ತಿಂಗಳು ಬರುತ್ತದೆ ಅಂತ ಬಾಯಿಪಾಠ ಹೇಳುತ್ತಾನೆ. ಅಡಾಪ್ಟರ್ ಪಿನ್ನಿನ ನಡುವೆ ಮೈನಸ್ ಇರಬೇಕು ಎಂಬ ಒಂದು ಸಾಲನ್ನು ಮಾತ್ರ ಇಷ್ಟು ವರ್ಷದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ.

ಈ ಸುದ್ದಿಗಳು ಹೇಗಿರುತ್ತವೆ ನೋಡಿ. ಕಂಪನಿ ಕಳಿಸಿದ ಪ್ರಕಟಣೆ, ಕಂಪನಿ ಕಳಿಸಿದ ಫೋಟೋ, ಕೆಳಗೆ ಬೆಲೆ, ಅದರ ಕೆಳಗೆ ಕೊಳ್ಳುವ ಲಿಂಕು. "ಬೆಣ್ಣೆಯಂಥ ನಾದ", "ಹಳೆಯ ಕಾಲದ ಜಾದೂ" ಎಂದೆಲ್ಲ ಬರೆದಿರುತ್ತಾರೆ. ಒಳಗೆ ಏನಿದೆ ಅಂತ ಒಂದು ಮಾತಿಲ್ಲ. ಟ್ರ್ಯಾಕ್ಟರ್ ಬಗ್ಗೆ ಬರೆಯುವಾಗ ಎಷ್ಟು ಎಚ್‌ಪಿ ಅಂತ ಹೇಳದೆ ಬಣ್ಣ ಹೇಳಿದರೆ ನಮ್ಮೂರಿನ ರೈತ ಬೈಯುತ್ತಾನೆ. ಗಿಟಾರ್ ಹುಡುಗರು ಪಾಪ, ಬೈಯುವುದನ್ನೂ ಕಲಿತಿಲ್ಲ.

ನಾವೂ ಇದರಲ್ಲಿ ಪಾಲುದಾರರು. ಎರಡು ವರ್ಷದ ಹಿಂದೆ ನಾವೇ ಇಲ್ಲಿ ಒಂದು ಪೆಡಲ್ ಬಗ್ಗೆ ಬರೆದಿದ್ದೆವು. ಬಿಚ್ಚಿ ನೋಡಿರಲಿಲ್ಲ, ಬಾರಿಸಿಯೂ ನೋಡಿರಲಿಲ್ಲ. ಪತ್ರಿಕೋದ್ಯಮದ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಟ್ಟಿದ್ದರು, ಪ್ರಕಟಣೆ ಬೇರೆ, ವರದಿ ಬೇರೆ ಅಂತ. ಮರೆತೆವು.

ಒಳಗೆ ಏನಿದೆ ಎಂಬುದನ್ನು ಈಗ ಬರೆಯುತ್ತೇವೆ.

ಗಿಟಾರಿನ ತಂತಿಯ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅಲುಗಿದರೆ ಇದರಲ್ಲಿ ಒಂದು ಚಿಟಿಕೆಯಷ್ಟು ವಿದ್ಯುತ್ ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡುವುದು ಆಂಪ್ಲಿಫೈಯರ್. ಇವೆರಡರ ನಡುವೆ ಕಾಲ ಬಳಿ ಇಟ್ಟುಕೊಂಡು ನಾದ ಬದಲಿಸುವ ಪೆಟ್ಟಿಗೆಯೇ ಪೆಡಲ್. ಅದರಲ್ಲಿ ಬಲು ಬೇಡಿಕೆಯದು ನಾದವನ್ನು ಒಡೆಯುವ ಪೆಡಲ್. ಜಾತ್ರೆಯಲ್ಲಿ ಮೈಕ್ ಸೆಟ್ಟಿನವನು ವಾಲ್ಯೂಮನ್ನು ಪೂರ್ತಿ ತಿರುವಿದಾಗ ಹಾಡು ಗರಗರ ಅನ್ನುತ್ತದಲ್ಲ, ಅದೇ. ಅಲೆ ತನ್ನ ಮಿತಿ ಮೀರಿ ಏರಲು ಹೋದಾಗ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಮೈಕ್ ಸೆಟ್ಟಿನವನಿಗೆ ಬೈಗುಳ ತರುವ ಆ ಗರಗರವನ್ನು ಹಿಡಿತದಲ್ಲಿ ಇಟ್ಟು ಕೊಟ್ಟರೆ ಗಿಟಾರಿನವನಿಗೆ ಚಪ್ಪಾಳೆ.

ಇಂಥ ಪೆಡಲ್‌ಗಳಲ್ಲಿ ಜಗತ್ತಿನಲ್ಲೇ ಹೆಸರುವಾಸಿಯಾದ ಒಂದು ಜಪಾನಿನ ಐಬನೇಜ್ ಕಂಪನಿಯ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್. 1970ರ ದಶಕದ ಕೊನೆಗೆ ಬಂದದ್ದು. ಅದರ ಹೃದಯ ಎಂದು ಕೊಂಡಾಡುವುದು ಜೆಆರ್‌ಸಿ 4558 ಎಂಬ ಎಂಟು ಕಾಲಿನ ಐಸಿಯನ್ನು. ಹಳೆಯ ಕಾಲದ ಅದೇ ಐಸಿ ಬೇಕು, ಅದರಲ್ಲೇ ಜಾದೂ ಇದೆ ಅಂತ ಹುಡುಕಿ ಹುಡುಕಿ ದುಡ್ಡು ಸುರಿಯುವವರಿದ್ದಾರೆ. ಓದುಗರೇ, ನಿಮ್ಮ ಮನೆಯಲ್ಲಿ ಅಸೆಂಬಲ್ ಮಾಡಿಸಿದ ಹೋಮ್ ಥಿಯೇಟರ್ ಇದ್ದರೆ ಅದರ ಬಾಸ್-ಟ್ರೆಬಲ್ ಬೋರ್ಡ್ ನೋಡಿ. ಬಹುಪಾಲು ಅಲ್ಲಿ ಕೂತಿರುವುದು 4558. ಕಾಕಾನ ಅಂಗಡಿಯ ಡಬ್ಬಿಯಲ್ಲಿ ಅವು ಕಡಲೆಬೀಜದ ಹಾಗೆ ಬಿದ್ದಿವೆ. ಹತ್ತಿಪ್ಪತ್ತು ರೂಪಾಯಿಯ ಮಾಲು. ನಾದದ ಗುಣ ಬಹುಮಟ್ಟಿಗೆ ಬರುವುದು ಆ ಐಸಿಯ ಸುತ್ತ ಕೂರಿಸಿದ ಎರಡು ಡಯೋಡ್, ಕೆಲವು ರೆಸಿಸ್ಟರ್, ಕಂಡೆನ್ಸರ್‌ಗಳಿಂದ. ಅದರ ನಕ್ಷೆ ಎಷ್ಟೋ ವರ್ಷದಿಂದ ಎಲ್ಲರ ಕೈಯಲ್ಲಿದೆ.

ಇನ್ನೊಂದು ಕಥೆ ಅಮೆರಿಕದ ಮ್ಯಾಸಚೂಸೆಟ್ಸ್‌ನದು. ಬಿಲ್ ಫಿನೆಗನ್ ಎಂಬವರು 1994ರ ಕೊನೆಯಿಂದ ಕ್ಲಾನ್ ಸೆಂಟಾರ್ ಎಂಬ ಪೆಡಲನ್ನು ಕೈಯಿಂದಲೇ ಜೋಡಿಸಿ ಮಾರಿದರು. ಯಾರೂ ನಕಲು ಮಾಡಬಾರದು ಅಂತ ಬೋರ್ಡಿನ ಮೇಲೆ ಕಪ್ಪು ಎಪಾಕ್ಸಿ ಸುರಿದು ಮುಚ್ಚಿದರು. ನಮ್ಮ ಕಡೆ ಬೋರ್‌ವೆಲ್ ಮೋಟರಿನ ಕೇಬಲ್ ಜಾಯಿಂಟಿಗೆ ಸುರಿಯುತ್ತಾರಲ್ಲ, ಹೆಚ್ಚುಕಡಿಮೆ ಆ ಥರದ್ದು. ತಯಾರಿ ನಿಂತ ಮೇಲೆ ಹಳೆಯ ಸೆಂಟಾರ್‌ಗಳ ಬೆಲೆ ಸಾವಿರಾರು ಡಾಲರ್‌ಗೆ ಏರಿತು, ನಮ್ಮ ಲೆಕ್ಕದಲ್ಲಿ ಲಕ್ಷಗಳು. ಆದರೆ ಹವ್ಯಾಸಿಗಳು ಆ ಎಪಾಕ್ಸಿಯನ್ನು ಕೆತ್ತಿ ತೆಗೆದು ಒಳಗಿನ ನಕ್ಷೆ ಬರೆದೇಬಿಟ್ಟರು. ಸಿಕ್ಕಿದ್ದು ಐಸಿ, ಜರ್ಮೇನಿಯಂ ಡಯೋಡ್, 9 ವೋಲ್ಟನ್ನು ಏರಿಸಿ ಕೊಡುವ ಒಂದು ಸರ್ಕಿಟ್. ಜಾಣತನದ ಕೆಲಸ, ಅದರಲ್ಲಿ ಅನುಮಾನವಿಲ್ಲ, ಆ ಮನುಷ್ಯನ ಬಗ್ಗೆ ನಮಗೆ ಗೌರವವಿದೆ. 2024ರಲ್ಲಿ ಬೆರಿಂಗರ್ ಕಂಪನಿ ಅದರಂತೆಯೇ ಕಾಣುವ ಅಗ್ಗದ ಪೆಡಲ್ ತಂದಾಗ ಫಿನೆಗನ್ ಕೋರ್ಟಿಗೆ ಹೋದರು. ತಕರಾರು ಇದ್ದದ್ದು ಹೆಸರು ಮತ್ತು ರೂಪದ ಬಗ್ಗೆ. ಲಕ್ಷ ಕೊಟ್ಟು ಹಳೆಯ ಪೆಟ್ಟಿಗೆ ಕೊಳ್ಳುವವನು ಹೆಚ್ಚಾಗಿ ಕೊಳ್ಳುವುದೂ ಹೆಸರು ಮತ್ತು ರೂಪವನ್ನೇ.

ಈಗ ನಮ್ಮ ಹೊಟ್ಟೆ ಉರಿಸಿದ ವಿಷಯಕ್ಕೆ ಬರೋಣ.

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಫಝ್ ಫೇಸ್ ಎಂಬ ದುಂಡನೆಯ ಪೆಡಲ್ ತಂದಿತು. ಜಿಮಿ ಹೆಂಡ್ರಿಕ್ಸ್ ಬಳಸಿದ್ದರಿಂದ ಅದು ಲೋಕಪ್ರಸಿದ್ಧವಾಯಿತು. ಅದರೊಳಗೆ ಇರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕಂಡೆನ್ಸರ್, ಎರಡು ಕಂಟ್ರೋಲ್. ಒಟ್ಟು ಹನ್ನೊಂದು ಸಾಮಾನು. ಪಾಕೆಟ್ ರೇಡಿಯೋದಲ್ಲಿ ಇದಕ್ಕಿಂತ ಹೆಚ್ಚಿರುತ್ತವೆ. ಮೊದಲಿನವುಗಳಲ್ಲಿ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್. ಇವತ್ತು ಅದೇ ಬಗೆಯ ಪೆಡಲ್ ಕಟ್ಟುವವರು ಹುಡುಕುವ ಹೆಸರುಗಳಲ್ಲಿ ಒಂದು ಎಸಿ 128.

ಎಸಿ 128 ಎಲ್ಲಿತ್ತು ಗೊತ್ತೇ? ನಿಮ್ಮ ಅಜ್ಜನ ರೇಡಿಯೋದಲ್ಲಿ. ಅದನ್ನು ತಯಾರಿಸಿದವರಲ್ಲಿ 1954ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್ ಕೂಡ ಒಂದು. ಬಿಇಎಲ್ ವಾಲ್ವ್‌ಗಳನ್ನೂ ಮಾಡುತ್ತಿತ್ತು. ಅದರ ಇಎಲ್ 84 ವಾಲ್ವನ್ನು ಹೊರದೇಶದ ಗಿಟಾರ್ ಆಂಪ್ಲಿಫೈಯರ್‌ನವರು ಈಗಲೂ ಹುಡುಕಿ ಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ತಯಾರಾದ ಮಾಲು ಅಲ್ಲಿ "ಅಪರೂಪದ ಹಳೆಯ ದಾಸ್ತಾನು" ಎಂದು ಮಾರಾಟವಾಗುತ್ತಿದ್ದರೆ ಇಲ್ಲಿ ಅದು ಗುಜರಿಗೆ ಹೋಗುತ್ತಿದೆ. ನಮ್ಮ ಸುದ್ದಿಯವರು ಇದನ್ನು ಎಲ್ಲಾದರೂ ಬರೆದಿದ್ದು ನೋಡಿದ್ದೀರಾ? ನಾವು ನೋಡಿಲ್ಲ. ಕೊಳ್ಳುವ ಲಿಂಕ್ ಇಲ್ಲದ ಕಡೆ ಸುದ್ದಿಯೂ ಇರುವುದಿಲ್ಲ ಅಂತ ಕಾಣುತ್ತದೆ.

ಇದಕ್ಕೆ ಬರುವ ಉತ್ತರ ನಮಗೆ ಗೊತ್ತು. "ಕೈಯಲ್ಲಿ ಮಾಡಿದ್ದಕ್ಕೆ ಆ ಸೌಂಡ್ ಬರಲ್ಲ." ಸ್ವಲ್ಪ ನಿಜ. ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳು ಒಂದರ ಹಾಗೆ ಒಂದು ಇರುವುದಿಲ್ಲ, ಕೆಲವು ಸುಮ್ಮನಿದ್ದಾಗಲೂ ಕರೆಂಟ್ ಸೋರುತ್ತವೆ. ಅಳೆದು ಆರಿಸಬೇಕು. ಒಳ್ಳೆಯ ಪೆಡಲ್ ಮಾಡುವವರು ಆ ಕೆಲಸಕ್ಕೆ, ಗಟ್ಟಿಯಾದ ಪೆಟ್ಟಿಗೆಗೆ, ಮುರಿಯದ ಸ್ವಿಚ್ಚಿಗೆ ಬೆಲೆ ಹಾಕಿದರೆ ನ್ಯಾಯ. ನಮ್ಮ ದೇಶದಲ್ಲೇ ಸಣ್ಣ ಪ್ರಮಾಣದಲ್ಲಿ ಕೈಯಿಂದ ಕಟ್ಟುವವರಿದ್ದಾರೆ, ಅವರ ಹೊಟ್ಟೆಯ ಮೇಲೆ ಹೊಡೆಯುವುದು ನಮ್ಮ ಉದ್ದೇಶವಲ್ಲ. ಹಬ್ಬಕ್ಕೆ ರೆಡಿಮೇಡ್ ಅಂಗಿ ಕೊಳ್ಳುವವನಿಗೂ ಗುಂಡಿ ಹಾಕಲು ಬರಬೇಕು ಅನ್ನುವುದಷ್ಟೇ ನಮ್ಮ ವಾದ. ಗುಂಡಿ ಕಿತ್ತುಹೋದರೆ ಹೊಸ ಅಂಗಿಯೇ ಬೇಕು ಎನ್ನುವವನ ಮಾತು ಕೇಳಿ ಕಂತು ಕಟ್ಟುವುದು ದಡ್ಡತನ.

"ಹಳ್ಳಿ ಹುಡುಗರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ" ಎಂದು ನಮ್ಮಲ್ಲೇ ಒಬ್ಬರು ಅಂದರು. ಸುಟ್ಟ ಮೋಟರಿಗೆ ಕಾಯಿಲ್ ಕಟ್ಟುವವರು, ಬೋರ್‌ವೆಲ್ ಸ್ಟಾರ್ಟರ್ ಬಿಚ್ಚಿ ಜೋಡಿಸುವವರು ಹಳ್ಳಿಯವರೇ ತಾನೆ? ಅವರಿಗೆ ಹನ್ನೊಂದು ಸಾಮಾನಿನ ಪೆಟ್ಟಿಗೆ ಯಾವ ಲೆಕ್ಕ?

ಮಾಡುವವರಿಗೆ ಎರಡು ಮಾತು. ಮೊದಲ ಸಲವೇ ಜರ್ಮೇನಿಯಂ ಹಿಂದೆ ಬೀಳಬೇಡಿ. ಬಿಸಿ 547 ಎಂಬ ಸಿಲಿಕಾನ್ ಟ್ರಾನ್ಸಿಸ್ಟರ್ ಎಲ್ಲ ಕಡೆ ಸಿಗುತ್ತದೆ, ಅದರಲ್ಲೇ ಫಝ್ ಕಟ್ಟಬಹುದು. ನಾದ ತುಸು ಚುರುಕು, ಆದರೆ ಬಿಸಿಲಿಗೆ ಹೆದರುವುದಿಲ್ಲ. 25 ವಾಟಿನ ಸೋಲ್ಡರಿಂಗ್ ಐರನ್, ಒಂದು ಸಾದಾ ಮಲ್ಟಿಮೀಟರ್, 9 ವೋಲ್ಟಿನ ಬ್ಯಾಟರಿ ಸಾಕು. ದುಬಾರಿ ಅನ್ನಿಸುವುದು ಕಾಲಿನ ಸ್ವಿಚ್ಚು ಮತ್ತು ಪೆಟ್ಟಿಗೆ ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ತರಿಸಿಕೊಳ್ಳಿ, ಇಲ್ಲವೇ ಸ್ಟೀಲ್ ಡಬ್ಬಿಯಲ್ಲಿ ಕೂರಿಸಿ.

ವಾಲ್ವ್ ಆಂಪ್ಲಿಫೈಯರನ್ನು ಮಾತ್ರ ಬಿಚ್ಚಬೇಡಿ. ಅದರೊಳಗೆ 300 ವೋಲ್ಟಿಗೂ ಹೆಚ್ಚು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಕರೆಂಟ್ ಉಳಿದು ಜೀವ ತೆಗೆಯಬಲ್ಲದು. ಅದು ಗೊತ್ತಿದ್ದವರ ಕೆಲಸ. ಬ್ಯಾಟರಿಯಲ್ಲಿ ಓಡುವ ಪೆಡಲ್‌ನಲ್ಲಿ ಆ ಅಪಾಯವಿಲ್ಲ. ಹೆಚ್ಚೆಂದರೆ ಬೆರಳು ಸುಟ್ಟುಕೊಳ್ಳುತ್ತೀರಿ, ಅದೂ ಸೋಲ್ಡರಿಂಗ್ ಐರನ್‌ನಿಂದ.

ನಾವು ಒಂದು ನಿರ್ಧಾರ ಮಾಡಿದ್ದೇವೆ. ಇನ್ನು ಮುಂದೆ ಇಲ್ಲಿ ಯಾವುದೇ ಪೆಡಲ್, ಆಂಪ್ಲಿಫೈಯರ್ ಬಗ್ಗೆ ಬರೆದರೂ ಒಳಗಿನ ಫೋಟೋ ಇರುತ್ತದೆ, ಯಾವ ಅಡಾಪ್ಟರ್ ಬೇಕು ಅಂತ ಇರುತ್ತದೆ, ಕೆಟ್ಟರೆ ಮೊದಲು ಎಲ್ಲಿ ನೋಡಬೇಕು ಅಂತ ಇರುತ್ತದೆ. ಬಿಚ್ಚಲು ಬಿಡದ ಕಂಪನಿಯ ಮಾಲಿನ ಸುದ್ದಿ ಬೇಡವೇ ಬೇಡ.

ಮೊನ್ನೆ ಏಪ್ರಿಲ್‌ನಲ್ಲಿ ಕಾಕಾನ ಅಂಗಡಿಗೆ ಮತ್ತೆ ಹೋಗಿದ್ದೆವು. ಎಸಿ 128 ಇವೆಯಾ ಅಂತ ಕೇಳಿದೆವು. "ಒಂದು ಡಬ್ಬಿ ತುಂಬ ಇದ್ವು. ಹೋದ ವರ್ಷ ಗುಜರಿಯವನಿಗೆ ತೂಕಕ್ಕ ಹಾಕಿಬಿಟ್ನಿ" ಅಂದರು. ಮೂಲೆಯಲ್ಲಿದ್ದ ಹಳೆಯ ರೇಡಿಯೋ ಬೋರ್ಡುಗಳನ್ನು ಕೆದಕಿ ಆರು ಕಿತ್ತು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಆರರಲ್ಲಿ ಎರಡು ವಿಪರೀತ ಸೋರುತ್ತಿದ್ದವು, ನಾಲ್ಕು ಸರಿ ಇದ್ದವು. ಸಂಜೆಯೊಳಗೆ ಒಂದು ಫಝ್ ಕಟ್ಟಿದೆವು. ಮರುದಿನ ಬೆಳಿಗ್ಗೆ ಚೆನ್ನಾಗಿಯೇ ಕೂಗಿತು. ಮಧ್ಯಾಹ್ನದ ಬಿಸಿಲಿಗೆ ಉಬ್ಬಸ ಬಂದವರ ಹಾಗೆ ಕೆಮ್ಮತೊಡಗಿತು. ಕಾಕಾ ಅದನ್ನು ಎತ್ತಿ ನೀರಿನ ಕೊಡದ ಪಕ್ಕ ನೆರಳಿಗೆ ಇಟ್ಟರು. ಅರ್ಧ ಗಂಟೆಯಲ್ಲಿ ಮತ್ತೆ ದನಿ ಬಂತು. ಗೆಳೆಯ ಈ ಸೀಸನ್ನಿಗೆ ಅದನ್ನೇ ಒಯ್ಯುತ್ತೇನೆ ಅನ್ನುತ್ತಿದ್ದಾನೆ, ರಾತ್ರಿ ಕಾರ್ಯಕ್ರಮಗಳಿಗೆ ಮಾತ್ರ.