ಅಂಕ ಬೇರೆ, ಸ್ಕೋರ್ ಬೇರೆ

‘ಮಗನಿಗೆ ಗೇಟ್‌ನಲ್ಲಿ 100ಕ್ಕೆ 45 ಬಂತು ಮೇಷ್ಟ್ರೇ, ಇನ್ನು ಎಂ.ಟೆಕ್. ಆಸೆ ಬಿಟ್ಟ ಹಾಗೇ’ ಎನ್ನುವ ತಂದೆತಾಯಂದಿರು ಪ್ರತಿ ವರ್ಷವೂ ಸಿಗುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ 90 ಕಂಡ ಮನೆಯಲ್ಲಿ 45 ಎಂದರೆ ಸೂತಕದ ಕಳೆ. ಹುಡುಗ ಊಟಕ್ಕೂ ಏಳುವುದಿಲ್ಲ. ಸ್ವಲ್ಪ ತಾಳಿ, ಸ್ಕೋರ್ ಕಾರ್ಡನ್ನು ಪೂರ್ತಿ ಓದೋಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸರದಿಯಂತೆ ನಡೆಸುವ ಈ ಪರೀಕ್ಷೆಯ ಕಾರ್ಡಿನಲ್ಲಿ ಮೂರು ಮುಖ್ಯ ಸಂಖ್ಯೆಗಳಿರುತ್ತವೆ. 100ಕ್ಕೆ ಬಂದ ಅಂಕ, 1000ಕ್ಕೆ ಲೆಕ್ಕ ಹಾಕಿದ ಸ್ಕೋರ್ ಮತ್ತು ಆ ವಿಷಯದಲ್ಲಿ ಅಖಿಲ ಭಾರತ ರ‍್ಯಾಂಕ್.

ಸ್ಕೋರ್ ಎಂಬುದು ಎರಡು ಗೂಟಗಳ ನಡುವಿನ ಅಳತೆ. ಸಾಮಾನ್ಯ ವರ್ಗದ ಅರ್ಹತಾ ಅಂಕಕ್ಕೆ 350 ಎಂದು ಒಂದು ಗೂಟ. ಆ ವಿಷಯದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಶೇಕಡಾ 0.1 ಮಂದಿಯ (ಕನಿಷ್ಠ 10 ಮಂದಿಯ) ಸರಾಸರಿಗೆ 900 ಎಂದು ಇನ್ನೊಂದು. ಉದಾಹರಣೆಗೆ, ಅರ್ಹತಾ ಅಂಕ 25, ಮೇಲಿನವರ ಸರಾಸರಿ 75 ಎಂದಿಟ್ಟುಕೊಳ್ಳಿ. 50 ಅಂಕಗಳ ಅಂತರಕ್ಕೆ 550 ಸ್ಕೋರ್. ಅಂದರೆ ಅಂಕವೊಂದಕ್ಕೆ 11. ಆಗ 45 ಪಡೆದವನಿಗೆ 350ರ ಮೇಲೆ 220 ಸೇರಿ 570 ಆಗುತ್ತದೆ. ಇನ್ನೊಂದು ವಿಷಯದಲ್ಲಿ ಅರ್ಹತೆ 35, ಸರಾಸರಿ 85 ಇದ್ದರೆ ಅದೇ 45ಕ್ಕೆ 460 ಮಾತ್ರ! ಆದ್ದರಿಂದ ಸಿವಿಲ್ ಓದಿದವನ ಅಂಕವನ್ನು ಕಂಪ್ಯೂಟರ್ ಓದಿದ ಪಕ್ಕದ ಮನೆಯವನ ಅಂಕದೊಂದಿಗೆ ತೂಗುವುದು ವ್ಯರ್ಥ.

ಇನ್ನೊಂದು ವಿಚಾರ. ಮೀಸಲಾತಿ ವರ್ಗದವರ ಅರ್ಹತಾ ಅಂಕ ಕಡಿಮೆ, ಆದರೆ ಸ್ಕೋರ್ ಲೆಕ್ಕಕ್ಕೆ ಎಲ್ಲರಿಗೂ ಸಾಮಾನ್ಯ ವರ್ಗದ ಗೂಟವೇ. ಹಾಗಾಗಿ ಅವರಲ್ಲಿ ಕೆಲವರ ಸ್ಕೋರ್ 350ಕ್ಕಿಂತ ಕೆಳಗಿದ್ದರೂ ಅವರು ಅರ್ಹರೇ. ಇದು ತಿಳಿಯದೆ ಅರ್ಜಿ ಹಾಕದೇ ಕುಳಿತರೆ ನಷ್ಟ ಯಾರಿಗೆ?

ಆದರೆ ಅರ್ಹತೆ ಸಿಕ್ಕಿತೆಂದರೆ ಸೀಟು ಸಿಕ್ಕಿತೆಂದಲ್ಲ. ಯಾವ ಸಂಸ್ಥೆ, ಯಾವ ವಿಭಾಗ, ಯಾವ ವರ್ಗ ಎಂಬುದರ ಮೇಲೆ ಬೇಕಾದ ಸ್ಕೋರ್ ಬದಲಾಗುತ್ತದೆ. ಕೆಲವೆಡೆ ಸಂದರ್ಶನವೂ ಉಂಟು. ಹಿಂದಿನ ವರ್ಷಗಳ ಕಡೆಯ ಸ್ಕೋರ್‌ಗಳನ್ನು ಸಂಸ್ಥೆಗಳ ಪ್ರಕಟಣೆಯಲ್ಲಿ ನೋಡಿ, ನಾಲ್ಕಾರು ಕಡೆ ಅರ್ಜಿ ಹಾಕಿಸಿ. ಈ ಸ್ಕೋರ್‌ಗೆ ಫಲಿತಾಂಶದ ದಿನದಿಂದ ಮೂರು ವರ್ಷ ಬೆಲೆಯಿದೆ, ಕಾರ್ಡನ್ನು ಜೋಪಾನವಾಗಿಡಿ. ಮೊದಲು ಹುಡುಗನನ್ನು ಊಟಕ್ಕೆ ಎಬ್ಬಿಸಿ.